ವಿಮಲಕ್ಕ ನಿಲ್ಲಿಸದೆ ಓದಿದ ಅಧ್ಯಾಯ

ಶಿವಮೊಗ್ಗದ ಕೋಟೆ ಬೀದಿಯಲ್ಲಿ ನಮ್ಮ ಪಕ್ಕದ ಮನೆ ವಿಮಲಕ್ಕನದು. ಬದನೆಕಾಯಿಯ ಬಗ್ಗೆ, ಆಟೋದವರ ಬಗ್ಗೆ, ಬೀದಿಗೆ ಹೊಸದಾಗಿ ಹಾಕಿದ ಕಾಂಕ್ರೀಟಿನ ಬಗ್ಗೆ ಅವರಿಗೆ ಖಚಿತವಾದ ಅಭಿಪ್ರಾಯಗಳಿವೆ, ಕೇಳದಿದ್ದರೂ ಸಿಗುತ್ತವೆ. ಪುಸ್ತಕದ ಬಗ್ಗೆ ಮಾತ್ರ ಅವರಿಂದ ಒಂದು ಅಭಿಪ್ರಾಯವನ್ನೂ ನಾನು ಕೇಳಿರಲಿಲ್ಲ. ಪುಸ್ತಕ ಓದುವುದೇ ಅವರ ಕೆಲಸ ಎಂಬುದನ್ನು ನೆನೆದರೆ ಇದು ವಿಚಿತ್ರ.

ವಿಮಲಕ್ಕ ಗಮಕಿ. ಹಳೆಯ ಕಾವ್ಯವನ್ನು ತಾಳದ ಹಂಗಿಲ್ಲದೆ, ಭಾವಕ್ಕೆ ತಕ್ಕ ರಾಗದಲ್ಲಿ ಓದುವವರು. ನವರಾತ್ರಿಯಲ್ಲಿ, ಚಾತುರ್ಮಾಸ್ಯದಲ್ಲಿ, ದೇವಸ್ಥಾನದ ಹಜಾರದಲ್ಲಿ ಅವರ ವಾಚನ ನಡೆಯುತ್ತದೆ. ಆದರೆ ಗಮಕ ಒಬ್ಬರ ಕೆಲಸವಲ್ಲ. ಒಬ್ಬರು ಪದ್ಯ ಓದಿ ನಿಲ್ಲಿಸಬೇಕು. ನಿಲ್ಲಿಸಿದ ಕೂಡಲೇ ಪಕ್ಕದಲ್ಲಿ ಕೂತವರು ಅದರ ಅರ್ಥ ಬಿಡಿಸಿ ಹೇಳಬೇಕು. ವಿಮಲಕ್ಕನ ಪಕ್ಕದಲ್ಲಿ ಕೂರುವವರು ಅವರ ಯಜಮಾನರೇ, ಲಕ್ಷ್ಮೀಕಾಂತ ಮೇಷ್ಟ್ರು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತರಾದವರು. ಪಾಠದಿಂದ ನಿವೃತ್ತರಾದರೇ ಹೊರತು ಮಾತಿನಿಂದ ಆಗಲಿಲ್ಲ. ವಿಮಲಕ್ಕ ನಾಲ್ಕು ಸಾಲು ಓದಿದರೆ ಮೇಷ್ಟ್ರು ನಾಲ್ಕು ಊರು ಸುತ್ತಿಸಿ ತರುತ್ತಾರೆ.

ವೇದಿಕೆಯ ಮೇಲೆ ಇದಕ್ಕೊಂದು ಮರ್ಯಾದೆಯಿದೆ. ಓದುವವರು ಅರ್ಥ ಹೇಳುವಂತಿಲ್ಲ. ಅರ್ಥ ಹೇಳುವವರು, ಓದುತ್ತಿರುವಾಗ ಬಾಯಿ ತೆರೆಯುವಂತಿಲ್ಲ. ಇನ್ನೊಂದು ಸಂಗತಿ: ವ್ಯಾಖ್ಯಾನಕಾರ ಕವಿಯ ತಪ್ಪು ಎತ್ತಿ ಆಡುವುದಿಲ್ಲ. ಅವನು ಕಾವ್ಯದ ವಕೀಲ. ಕವಿ ಒಂದೇ ಮಾತನ್ನು ಎರಡು ಸಲ ಹೇಳಿದರೆ ಅದಕ್ಕೂ ಒಂದು ಗೂಢಾರ್ಥ ಹುಡುಕಿಕೊಡುತ್ತಾನೆ. ಕಾರ್ಯಕ್ರಮ ಮುಗಿದ ಮೇಲೆ ಜನ ಮೇಷ್ಟ್ರ ಸುತ್ತ ನೆರೆದು, ಆ ಸಂದರ್ಭದಲ್ಲಿ ಕವಿಯ ಆಶಯವೇನು, ಈ ಪಾತ್ರದ ಔಚಿತ್ಯವೇನು ಎಂದು ಕೇಳುತ್ತಾರೆ. ವಿಮಲಕ್ಕನನ್ನು, "ಗಂಟಲು ಹೇಗಿದೆ? ಬಿಸಿನೀರು ತರಿಸಲಾ?" ಎಂದು ಕೇಳುತ್ತಾರೆ.

ಇಂಥ ವಿಮಲಕ್ಕನ ಬಳಿ ಅಭಿಪ್ರಾಯ ಕೇಳಿಕೊಂಡು ಭದ್ರಾವತಿಯಿಂದ ದೀಪಶ್ರೀ ಬಂದಳು.

ದೀಪಶ್ರೀ ವಿಮಲಕ್ಕನ ತಮ್ಮನ ಮಗಳು. ಭದ್ರಾವತಿಯ ಒಂದು ಲ್ಯಾಬಿನಲ್ಲಿ ಕೆಲಸ. ಹಗಲೆಲ್ಲ ಜನರ ತೋಳಿನಿಂದ ರಕ್ತ ತೆಗೆಯುವ ಹುಡುಗಿ, ಮನೆಗೆ ಬಂದರೆ ಅನುರಕ್ತರ ಕತೆ ಬರೆಯುತ್ತಾಳೆ. ಫೋನಿನಲ್ಲಿ ಕಂತು ಕಂತಾಗಿ ಕತೆ ಓದುವ ಆ್ಯಪುಗಳಿವೆಯಲ್ಲ, ಅಂಥದ್ದೊಂದರಲ್ಲಿ ಅವಳ ಕಾದಂಬರಿ ಬಂದಿತ್ತು: 'ಅಮಾವಾಸ್ಯೆಯ ರೆಕ್ಕೆಗಳು'. ಹರಿಗೋಲು ನಡೆಸುವ ಹೊನ್ನಿ ಎಂಬ ಹುಡುಗಿ. ರೆಕ್ಕೆಯಿರುವ ರುದ್ರಾಂಶ ಎಂಬ ರಾಜಕುಮಾರ. ಅಮಾವಾಸ್ಯೆಯ ದಿನ ಹಿಂದಕ್ಕೆ ಹರಿಯುವ ಒಂದು ಹೊಳೆ. ಆ ದಿನ ಹೊಳೆ ದಾಟಿದವರಿಗೆ ತಮ್ಮ ಹೆಸರೇ ಮರೆತುಹೋಗುತ್ತದೆ. ಕತೆ ಎಷ್ಟು ಜನಕ್ಕೆ ಹಿಡಿಸಿತೆಂದರೆ ಶಿವಮೊಗ್ಗದ ಪ್ರಕಾಶಕರೊಬ್ಬರು ಪುಸ್ತಕ ಮಾಡುತ್ತೇನೆಂದು ಮುಂದೆ ಬಂದಿದ್ದರು.

ಅವಳು ಬಂದಾಗ ನಾನೂ ಅಲ್ಲೇ ಕೂತಿದ್ದೆ. ಜೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಹಾಕಿಸಿದ ದಪ್ಪ ಕಟ್ಟೊಂದನ್ನು ಅತ್ತೆಯ ಮಡಿಲಿಗಿಟ್ಟಳು.

"ಅತ್ತೆ, ಇದನ್ನ ಓದಿ. ಓದಿ, ಹೇಗಿದೆ ಅಂತ ಹೇಳ್ಬೇಕು."

"ನಾನೇನು ಹೇಳ್ಲೇ? ನಿಮ್ಮ ಮಾವಂಗೆ ಕೊಡು."

"ಮಾವಂಗೆ ಕೊಟ್ರೆ ನಾನು ಬರೆದಿದ್ದಕ್ಕೆಲ್ಲ ಅರ್ಥ ಹೇಳ್ತಾರೆ. ನಂಗೆ ಅರ್ಥ ಬೇಡ, ಅಭಿಪ್ರಾಯ ಬೇಕು."

ಒಳಮನೆಯಿಂದ ಮೇಷ್ಟ್ರು ಕೆಮ್ಮಿದರು. ಕೇಳಿಸಿದೆ ಎಂದರ್ಥ.

"ಆ್ಯಪಿನಲ್ಲಿ ಬರೀ ಹಾರ್ಟ್ ಕಳಿಸ್ತಾರೆ ಅತ್ತೆ. ಏನು ಬರೆದ್ರೂ ಹಾರ್ಟು. ಮನೇಲಿ ಅಮ್ಮ ಓದೋದೇ ಇಲ್ಲ, ಓದದೇನೇ ನಗ್ತಾಳೆ. ಇದು ಚೆನ್ನಾಗಿದ್ಯೋ ಇಲ್ವೋ ಅಂತ ನಂಗೇ ಗೊತ್ತಿಲ್ಲ. ಬರೋ ಸೋಮವಾರ ಪ್ರಿಂಟಿಗೆ ಹೋಗುತ್ತೆ. ಭಾನುವಾರ ನೀವು ಮನೆಗೆ ಬಂದು, ಇದು ಬೇಡ ಕಣೇ ಅಂದ್ರೆ ನಾನು ವಾಪಸ್ ತಗೊಳ್ತೀನಿ. ಇನ್ಮೇಲೆ ಬರೆಯೋದೂ ಬಿಡ್ತೀನಿ. ನಿಜವಾಗ್ಲೂ."

ನಗುತ್ತಲೇ ಹೇಳಿದಳು. ಆದರೆ ಕಾಫಿ ಮುಟ್ಟದೆ ಹೋದಳು. ಭದ್ರಾವತಿಯ ಹುಡುಗಿ ಕಾಫಿ ಬಿಟ್ಟಳೆಂದರೆ ಮಾತು ಹಗುರವಲ್ಲ ಎಂದು ನನಗೂ ತಿಳಿಯಿತು.

ಮರುದಿನದಿಂದ ಪಕ್ಕದ ಮನೆಯಲ್ಲಿ ವಿಚಿತ್ರ ಸದ್ದು. ವಿಮಲಕ್ಕನಿಗೆ ಮನಸ್ಸಿನಲ್ಲೇ ಓದಿ ಗೊತ್ತಿಲ್ಲ. ವಾರಪತ್ರಿಕೆಯ ಅಡುಗೆ ಪುಟವನ್ನೂ ಅವರು ರಾಗದಲ್ಲೇ ಓದುವುದು. ಹೊನ್ನಿ ಕಾಂಬೋದಿಯಲ್ಲಿ ಹರಿಗೋಲು ನಡೆಸಿದಳು. ಹೊಳೆ ಮುಖಾರಿಯಲ್ಲಿ ಹಿಂದಕ್ಕೆ ಹರಿಯಿತು. ನಾನು ಗೋಡೆಗೆ ಕಿವಿ ಕೊಟ್ಟೆ. ಅದು ಸಾಲದೆನಿಸಿ, ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡು ಹೊರಟೇಬಿಟ್ಟೆ.

ನನ್ನನ್ನು ಕಂಡ ಕೂಡಲೇ ವಿಮಲಕ್ಕ ಕೇಳಿದರು: "ಬಾ ಮಾರಾಯ್ತಿ, ಒಂದು ಸಂಶಯ. ಬೆನ್ನಿಗೆ ರೆಕ್ಕೆ ಇರೋನು ಅಂಗಿ ಹೇಗೆ ಹಾಕ್ಕೊಳ್ತಾನೆ?"

"ಹಾಕ್ಕೊಳ್ಳಲ್ಲ ವಿಮಲಕ್ಕ. ಈ ಥರದ ಕತೆಗಳಲ್ಲಿ ಯಾರೂ ಹಾಕ್ಕೊಳ್ಳಲ್ಲ. ಅದಕ್ಕೇ ರೆಕ್ಕೆ ಕೊಟ್ಟಿರೋದು."

"ಓಹೋ." ಅವರು ಪುಟದ ಮೇಲೆ ಬೆರಳಿಟ್ಟು ಯೋಚಿಸಿದರು. "ಹಾಗಾದ್ರೆ ಅಂಗಾತ ಮಲಗೋಕೂ ಆಗಲ್ಲ. ಪಾಪ. ಮಳೆಗಾಲದಲ್ಲಿ ಒದ್ದೆಯಾದ್ರೆ ಒಣಗೋಕೆ ಎಷ್ಟು ಹೊತ್ತು ಬೇಕೋ ಏನೋ. ನೋಡು, ಇದೆಲ್ಲ ನಂಗೆ ತಿಳ್ಕೊಳ್ಬೇಕು ಅನ್ಸುತ್ತೆ. ಇವಳು ಬರೆದೇ ಇಲ್ಲ."

"ಇಷ್ಟವಾಯ್ತಾ ಹಾಗಾದ್ರೆ?"

"ಇರು, ಇನ್ನೂ ಇದೆ. ಹುಡುಗಿ ಚೆನ್ನಾಗಿದಾಳೆ. ಹುಟ್ಟಿನಿಂದ ಹುಟ್ಟು ಹಿಡಿದವಳು. ಮಾತೂ ಹಾಗೇ, ನೀರು ತಳ್ಳಿದ ಹಾಗೆ ಆಡ್ತಾಳೆ. ಆ ರುದ್ರಾಂಶನದ್ದೇ ಏನೋ..." ಎಂದು ನಿಲ್ಲಿಸಿದರು.

ನಿಲ್ಲಿಸಿದ್ದೇ ತಪ್ಪಾಯಿತು. ಒಳಗಿನಿಂದ ಮೇಷ್ಟ್ರು ಬಂದರು. "ರುದ್ರಾಂಶ ಅಂದ್ರೆ ಜೀವಾತ್ಮ. ರೆಕ್ಕೆ ಎರಡು: ಒಂದು ಜ್ಞಾನ, ಇನ್ನೊಂದು ಭಕ್ತಿ. ಅಂಗಿ ಇಲ್ಲದಿರೋದು ವೈರಾಗ್ಯ."

"ಅವನು ಪುಟಕ್ಕೆರಡು ಸಲ ಅವಳನ್ನ ತಬ್ಬಿಕೊಳ್ತಾನೆ ಕಣ್ರೀ," ಎಂದರು ವಿಮಲಕ್ಕ.

"ಅದೇ ಸಾಯುಜ್ಯ!" ಎಂದರು ಮೇಷ್ಟ್ರು.

ವಿಮಲಕ್ಕ ಕನ್ನಡಕ ಒರೆಸಿಕೊಂಡರು. ಅಭಿಪ್ರಾಯ ಬಾಯಿಯ ತನಕ ಬಂದಿತ್ತು, ನಾನು ನೋಡಿದೆ. ನಡುವೆ ಜೀವಾತ್ಮ ಅಡ್ಡ ಬಂತು. ಭಾನುವಾರ ಇವರು ಏನು ಹೇಳುತ್ತಾರೆ ಎಂಬ ಕುತೂಹಲ ನನಗೆ ಹತ್ತಿಕೊಂಡಿದ್ದು ಆಗಲೇ. ಬಸ್ಸಿನಲ್ಲಿ ಹೋಗುತ್ತೇವೆ ಎಂದವರನ್ನು ತಡೆದು, ನನ್ನ ಕಾರಿದೆ ಎಂದೆ. ಪೆಟ್ರೋಲು ಕುತೂಹಲದ ದಂಡ.

"ನೀನು ಬಂದು ಏನು ಮಾಡ್ತೀಯ? ನಿನ್ನದು ಕಾನ್ವೆಂಟ್ ಕನ್ನಡ," ಎಂದರು ಮೇಷ್ಟ್ರು.

"ಇದು ಆ್ಯಪಿನ ಕನ್ನಡ ಮೇಷ್ಟ್ರೇ. ನಂಗೆ ನಿಮಗಿಂತ ಹತ್ರ," ಎಂದೆ.

ಭಾನುವಾರ ಭದ್ರಾವತಿಯ ನ್ಯೂಟೌನಿನ ಆ ಮನೆಯಲ್ಲಿ ದೀಪಶ್ರೀ ಹೊಸ ಚೂಡಿದಾರ ಹಾಕಿಕೊಂಡು ಕೂತಿದ್ದಳು, ಫಲಿತಾಂಶಕ್ಕೆ ಕಾಯುವವಳಂತೆ. ದಿನಾ ಬೇರೆಯವರ ಕೈಗೆ ರಿಪೋರ್ಟು ಕೊಡುವ ಹುಡುಗಿ ತನ್ನ ರಿಪೋರ್ಟಿಗೆ ಕಾಯುತ್ತಿದ್ದಳು. ಅವಳ ಅಮ್ಮ ಭವಾನಿ ಅವಲಕ್ಕಿ ಒಗ್ಗರಣೆ ತಂದಿಟ್ಟು, "ಅತ್ತಿಗೆ, ಇವಳ ಹಕ್ಕಿಮನುಷ್ಯನ ಕತೆ ಕೇಳೋಕೆ ಅಲ್ಲಿಂದ ಬಂದ್ರಾ? ಒಳ್ಳೆ ಆಯ್ತು!" ಎಂದು ನಕ್ಕು ಅಡುಗೆಮನೆಗೆ ಹೋದರು.

"ಹೇಳಿ ಅತ್ತೆ," ಎಂದಳು ದೀಪಶ್ರೀ.

ವಿಮಲಕ್ಕ ಕಟ್ಟು ಬಿಚ್ಚಿದರು. ಬಾಯಿ ತೆರೆದರು. ಮಾತು ಬರಲಿಲ್ಲ. ಜೀವಮಾನವೆಲ್ಲ ಇನ್ನೊಬ್ಬರ ಸಾಲು ಓದಿ ಅಭ್ಯಾಸವಾದ ನಾಲಿಗೆಗೆ ತನ್ನದೇ ಸಾಲು ಎಲ್ಲಿಂದ ಶುರುಮಾಡಬೇಕೆಂದು ತಿಳಿಯದು. ಕೊನೆಗೆ ತಮಗೆ ಗೊತ್ತಿರುವುದನ್ನೇ ಮಾಡಿದರು. ಹನ್ನೆರಡನೆಯ ಅಧ್ಯಾಯ ತೆಗೆದು ಮೆಲ್ಲಗೆ ಓದತೊಡಗಿದರು.

"ಹೊನ್ನಿ ನಡುಹೊಳೆಯಲ್ಲಿ ಹುಟ್ಟು ನಿಲ್ಲಿಸಿದಳು. ನೀರು ಬೆಟ್ಟದ ಕಡೆಗೆ ಹರಿಯುತ್ತಿತ್ತು."

ಎರಡು ಸಾಲಾದ ಮೇಲೆ, ರೂಢಿಯಂತೆ, ನಿಲ್ಲಿಸಿದರು.

"ಇಲ್ಲಿ ನೋಡಬೇಕು!" ಎಂದರು ಮೇಷ್ಟ್ರು.

ನೋಡಿದೆವು. ಬಹಳ ಹೊತ್ತು ನೋಡಿದೆವು. ಹೊಳೆ ಸಂಸಾರವಾಯಿತು, ಹುಟ್ಟು ವಿವೇಕವಾಯಿತು, ಹರಿಗೋಲು ದುಂಡಗಿರುವುದರಿಂದ ಅದು ಪೂರ್ಣತ್ವದ ಸಂಕೇತವಾಯಿತು. ಅವಲಕ್ಕಿ ಆರಿತು. ಮೇಷ್ಟ್ರು ಕೊನೆಯ ಅಧ್ಯಾಯಗಳಿಗೂ ಜಿಗಿದರು: ಹೊನ್ನಿ ಅರಮನೆ ಸೇರಿದ ಮೇಲೆ ಒಂದು ಮಾತೂ ಆಡುವುದಿಲ್ಲವಲ್ಲ, ಅದು ಮೌನವೆಂಬ ತಪಸ್ಸು, ಲೇಖಕಿಯ ಪ್ರೌಢಿಮೆಯ ಶಿಖರ.

ದೀಪಶ್ರೀಯ ಮುಖ ಅರಳುತ್ತ ಹೋಯಿತು. "ನಾನು ಅಷ್ಟೆಲ್ಲ ಯೋಚನೆ ಮಾಡಿರ್ಲೇ ಇಲ್ಲ ಮಾವ. ಅಷ್ಟಿದ್ಯಾ ಅದ್ರಲ್ಲಿ?"

"ಕವಿಗೆ ಗೊತ್ತಿರಬೇಕು ಅಂತಿಲ್ಲ ಮಗು. ವ್ಯಾಖ್ಯಾನಕಾರನಿಗೆ ಗೊತ್ತಿದ್ರೆ ಸಾಕು."

"ಹಾಗಾದ್ರೆ ಪ್ರಿಂಟಿಗೆ ಹೋಗ್ಲಿ ಅಂತೀರಾ? ಇದ್ದ ಹಾಗೇನೇ?"

"ಒಂದಕ್ಷರ ಮುಟ್ಟಬೇಡ!"

ಹುಡುಗಿ ಫೋನಿಗೆ ಕೈ ಹಾಕಿದಳು. ಪ್ರಕಾಶಕರಿಗೆ ಹೂಂ ಅನ್ನಲು. ಆದರೂ ಒಮ್ಮೆ ಅತ್ತೆಯ ಮುಖ ನೋಡಿದಳು. ಅರ್ಥ ಸಿಕ್ಕಿತ್ತು, ಅಭಿಪ್ರಾಯ ಸಿಕ್ಕಿರಲಿಲ್ಲ. ಅದು ಅವಳಿಗೂ ಗೊತ್ತಿದ್ದಂತಿತ್ತು.

ಆಗ ವಿಮಲಕ್ಕ ಮತ್ತೆ ಓದತೊಡಗಿದರು. ಈ ಸಲ ಗಂಟಲು ತೆರೆದು, ವೇದಿಕೆಯ ಮೇಲೆ ಓದುವಂತೆ.

"ಅವಳು ತನ್ನ ಹೆಸರನ್ನು ಒಮ್ಮೆ ಹೇಳಿಕೊಂಡಳು. ಆಮೇಲೆ ಅವ್ವ ಕರೆಯುವಂತೆ ಹೇಳಿಕೊಂಡಳು. ಆಮೇಲೆ, ಆಚೆ ದಡದಲ್ಲಿ ನಿಂತ ಜನ ಹರಿಗೋಲಿಗಾಗಿ ಕೂಗುವಂತೆ, ಕೈಯನ್ನು ಬಾಯಿಯ ಸುತ್ತ ಇಟ್ಟು ಹೇಳಿಕೊಂಡಳು..."

ಮೇಷ್ಟ್ರು ಎರಡೂ ಕೈ ಎತ್ತಿ ಸಿದ್ಧರಾದರು. ವಾಕ್ಯ ಮುಗಿಯಿತು. ವಿಮಲಕ್ಕ ನಿಲ್ಲಿಸಲಿಲ್ಲ. ಕೊನೆಯ ಸ್ವರವನ್ನು ಹಿಡಿದೆಳೆದು, ಅದೇ ಉಸಿರಿನಲ್ಲಿ ಮುಂದಿನ ವಾಕ್ಯಕ್ಕೆ ದಾಟಿದರು. ಮೇಷ್ಟ್ರ ಕೈ ಗಾಳಿಯಲ್ಲೇ ಉಳಿಯಿತು. ಇನ್ನೊಂದು ವಾಕ್ಯ ಬಂತು, ಹೋಯಿತು. ಸಂದೇ ಇಲ್ಲ. ವಾಚನ ನಡೆಯುತ್ತಿರುವಾಗ ವ್ಯಾಖ್ಯಾನಕಾರ ಬಾಯಿ ತೆರೆಯುವಂತಿಲ್ಲ. ಮೂವತ್ತು ವರ್ಷ ಪಾಲಿಸಿದ ಮರ್ಯಾದೆಯನ್ನು ಮೇಷ್ಟ್ರು ಭದ್ರಾವತಿಯಲ್ಲಿ ಮುರಿಯಲಾರರು. ಅವರು ಕೈಯನ್ನು ನಿಧಾನವಾಗಿ ಇಳಿಸಿ ತೊಡೆಯ ಮೇಲಿಟ್ಟುಕೊಂಡರು. ಒಂದು ಸಲ ಕೆಮ್ಮಿದರು. ಕೆಮ್ಮು ರಾಗದಡಿ ಸಿಕ್ಕಿ ಸತ್ತಿತು.

ಹೊನ್ನಿ ನಡುಹೊಳೆಯಲ್ಲಿ ಕೂತು ತನ್ನ ಹೆಸರನ್ನು ಕೈಜಾರದಂತೆ ಹಿಡಿದುಕೊಂಡಿದ್ದಳು. ಮುಖಾರಿಯಲ್ಲಿ ಶುರುವಾದದ್ದು ಎಲ್ಲೋ ಮೋಹನಕ್ಕೆ ತಿರುಗಿತ್ತು. ಭಯ ಹೋಗಿ ಹಟ ಬಂದಿತ್ತು. ಅಡುಗೆಮನೆಯ ಬಾಗಿಲಲ್ಲಿ ಭವಾನಿ ಸೌಟು ಹಿಡಿದು ನಿಂತಿದ್ದರು. ನಗುತ್ತಿರಲಿಲ್ಲ. "ಆಮೇಲೆ? ದಾಟಿದ್ಳಾ?" ಎಂದು ಬಾಗಿಲ ಪಕ್ಕ ಕೂತಿದ್ದ ನನ್ನ ಕಿವಿಯಲ್ಲಿ ಕೇಳಿದರು.

ದಾಟಿದಳು. ವಿಮಲಕ್ಕ ಉಸಿರು ಬಿಡದೆ ಪುಟಗಳನ್ನು ಹಿಡಿದು ಮಗುಚಿ, ಅರಮನೆಯ ಅಧ್ಯಾಯಕ್ಕೆ ಬಂದರು.

"ರುದ್ರಾಂಶ ಅವಳನ್ನು ನೋಡಿದನು. ಅವನ ಕೆಂಡದ ಕಣ್ಣುಗಳಲ್ಲಿ ಚಂದ್ರನಿದ್ದನು. ಅವಳು ನಾಚಿದಳು. ಸಾವಿರ ದೀಪಗಳು ಬೆಳಗಿದವು. ರುದ್ರಾಂಶ ಮತ್ತೆ ಅವಳನ್ನು ನೋಡಿದನು..."

ರಾಗ ಬದಲಾಯಿತು. ಅದು ಯಾವುದೆಂದು ನಾನು ಯೋಚಿಸಬೇಕಾಗಲೇ ಇಲ್ಲ, ಏಕೆಂದರೆ ಎಲ್ಲ ಕಾರ್ಯಕ್ರಮಗಳಲ್ಲೂ ಅದು ಬಂದ ಕೂಡಲೇ ನಾನು ಚಪ್ಪಲಿ ಹುಡುಕಲು ಎದ್ದಿದ್ದೇನೆ. ಮಧ್ಯಮಾವತಿ. ಮಂಗಳ ಹಾಡುವ ರಾಗ. ಭವಾನಿ ಒಲೆಯ ಕಡೆ ತಿರುಗಿ ಹೋದರು. ನಾನು ಅವಲಕ್ಕಿಯಲ್ಲಿ ಕಡಲೆಬೀಜ ಹುಡುಕಿದೆ. ಅರಮನೆಯಲ್ಲಿ ದೀಪ ಬೆಳಗುತ್ತಲೇ ಇತ್ತು, ನೋಟ ನಡೆಯುತ್ತಲೇ ಇತ್ತು. ಹೊನ್ನಿಯ ಬಾಯಿಂದ ಒಂದು ಮಾತಿಲ್ಲ.

ಪುಟ ಮುಗಿದಾಗ ವಿಮಲಕ್ಕ ನಿಲ್ಲಿಸಿದರು. ಮೇಷ್ಟ್ರಿಗೆ ಜಾಗ ಸಿಕ್ಕಿತ್ತು, ಆದರೆ ಮೇಷ್ಟ್ರು ಮಾತಾಡಲಿಲ್ಲ. ಬಾಗಿಲ ಕಡೆ ನೋಡುತ್ತಿದ್ದರು, ಭವಾನಿ ನಿಂತಿದ್ದ ಜಾಗವನ್ನು.

"ಹೊನ್ನಿ ಎಲ್ಲಿ ಹೋದ್ಳು ಅತ್ತೆ?" ಎಂದಳು ದೀಪಶ್ರೀ ಸಣ್ಣ ದನಿಯಲ್ಲಿ. ಬರೆದವಳೇ ಕೇಳುತ್ತಿದ್ದಳು.

"ಅದನ್ನೇ ನಾನೂ ಹುಡುಕ್ತಾ ಇದ್ದೆ," ಎಂದರು ವಿಮಲಕ್ಕ. ಮಾತು ಬಂತು. ಒಮ್ಮೆ ಬಂದ ಮೇಲೆ ಬದನೆಕಾಯಿಯ ಬಗ್ಗೆ ಬರುವಷ್ಟೇ ಸಲೀಸಾಗಿ ಬಂತು. "ನೋಡು ಮಗು, ನಂಗೆ ವಿಮರ್ಶೆ ಗಿಮರ್ಶೆ ಬರಲ್ಲ. ಬಾಯಿಗೆ ಯಾವ ರಾಗ ಬರುತ್ತೆ ಅಷ್ಟೇ ಗೊತ್ತು. ನಿನ್ನ ಹೊನ್ನಿಗೆ ಒಂದೊಂದು ಕಡೆ ಒಂದೊಂದು ರಾಗ ಕೂರುತ್ತೆ. ಹನ್ನೆರಡನೇ ಅಧ್ಯಾಯ ಓದುವಾಗ ಮುಖಾರಿ ತಾನೇ ಮೋಹನ ಆಗಿಬಿಡುತ್ತೆ. ನಿನ್ನೆಯೂ ಆಯ್ತು, ಇವತ್ತೂ ಆಯ್ತು. ಆ ರುದ್ರಾಂಶ ಬಂದಾಗಲೆಲ್ಲ ಮಧ್ಯಮಾವತಿಯೇ ಬರುತ್ತೆ. ಏನು ಮಾಡಿದ್ರೂ ಬೇರೆ ಬರಲ್ಲ. ಕತೆ ಇನ್ನೂ ಅರ್ಧ ಇದ್ದಾಗ್ಲೇ ಕೋಸಂಬರಿ ತಗೊಂಡು ಎದ್ದು ಹೋಗೋಣ ಅನ್ಸುತ್ತೆ."

"ಆ್ಯಪಿನಲ್ಲಿ ಎಲ್ರಿಗೂ ಅವನೇ ಇಷ್ಟ."

"ಚೆಂದ ಇದಾನೆ, ಇಲ್ಲ ಅನ್ನಲ್ಲ. ತ್ಯಾವರೆಕೊಪ್ಪದ ಸಫಾರಿಯ ಸಿಂಹದ ಹಾಗೆ. ನಾವು ವ್ಯಾನಿನಲ್ಲಿ ಸುತ್ತು ಹಾಕ್ತೀವಿ, ಅದು ಕೂತ್ಕೊಂಡು ನಮ್ಮನ್ನ ನೋಡುತ್ತೆ. ಎದ್ದು ಏನಾದ್ರೂ ಮಾಡುತ್ತಾ ಅಂತ ಕಾಯ್ತೀವಿ. ಮಾಡಲ್ಲ. ಗಾಯ ಆಗಿ ಹರಿಗೋಲಲ್ಲಿ ಬಿದ್ದಿದ್ನಲ್ಲ, ಆಗ ಮಾತ್ರ ಮನುಷ್ಯನ ಹಾಗಿದ್ದ. ನೀರು ಕೇಳಿದ. ಹೆದರಿದ್ದ. ಅವನು ಬೇಕು."

"ಅರಮನೆ?"

"ಅದೊಂದು ನಂಗೆ ಅರ್ಥವಾಗ್ಲಿಲ್ಲ ಕಣೇ. ಇವಳು ಅರಮನೆ ಸೇರಿದ್ಮೇಲೆ ಹರಿಗೋಲು ಯಾರು ನಡೆಸ್ತಾರೆ? ಆಚೆ ದಡದಲ್ಲಿ ಜನ ಕೂಗ್ತಾ ನಿಂತಿರ್ತಾರಲ್ಲ? ಅವರನ್ನ ನೀನು ಅಲ್ಲೇ ನಿಲ್ಲಿಸಿ ಬಂದುಬಿಟ್ಟಿದ್ದೀಯ. ನಂಗೆ ರಾತ್ರಿಯೆಲ್ಲ ಅವರದ್ದೇ ಯೋಚನೆ."

ದೀಪಶ್ರೀ ತಲೆ ತಗ್ಗಿಸಿದಳು. ಅಳುತ್ತಾಳೆ ಎಂದುಕೊಂಡೆ. ಉಗುರಿನಿಂದ ಸ್ಪೈರಲ್ಲಿನ ತಂತಿಯನ್ನು ಸುಮ್ಮನೆ ಮೀಟುತ್ತಿದ್ದಳು. "ಹಾಗಾದ್ರೆ ಬೇಡ ಅಂತೀರಾ? ಬಿಟ್ಬಿಡ್ಲಾ?"

"ಯಾರು ಬೇಡ ಅಂದ್ರು? ಹೊನ್ನಿ ಪೂರ್ತಿ ಬೇಕು. ರೆಕ್ಕೆಯವನು ಅರ್ಧ ಬೇಕು. ಅರಮನೆ ಬೇಡ. ಬೇಡದಿರೋದಕ್ಕೆ ಹೆದರಿ ಬೇಕಾದ್ದನ್ನೂ ಬಿಡ್ತಾರೇನೇ ಯಾರಾದ್ರೂ?"

ಹುಡುಗಿ ಎದ್ದು ಹಿತ್ತಲಿಗೆ ಹೋದಳು. ಕಿಟಕಿಯಿಂದ ಅವಳ ಮಾತು ಕೇಳಿಸುತ್ತಿತ್ತು. ಪ್ರಕಾಶಕರಿಗೆ ಫೋನು ಮಾಡಿದ್ದಳು. ಅತ್ತಲಿಂದ ಜೋರು ದನಿ: "ಕವರ್ ಪೇಜು ಆಗಿಹೋಗಿದೆ ಮೇಡಂ! ಹೀರೋ ಎಷ್ಟು ಚೆನ್ನಾಗಿ ಬಂದಿದಾನೆ ಗೊತ್ತಾ, ರೆಕ್ಕೆ ಎರಡೂ ಫುಲ್ಲು!"

"ಹೀರೋ ಇರ್ಲಿ ಸರ್. ಹೊನ್ನಿ ಎಲ್ಲಿದಾಳೆ ಕವರಲ್ಲಿ?"

ಅತ್ತಲಿನ ದನಿ ಸ್ವಲ್ಪ ಇಳಿಯಿತು. "ಇದಾಳೆ ಮೇಡಂ... ಕೆಳಗಡೆ ಮೂಲೇಲಿ. ಸ್ವಲ್ಪ ಚಿಕ್ಕದಾಗಿ."

"ಹಾಗಾದ್ರೆ ಕವರೂ ಇನ್ನೊಂದ್ಸಲ ಆಗ್ಲಿ. ಕೊನೇ ನಾಲ್ಕು ಅಧ್ಯಾಯ ನಾನು ಹೊಸದಾಗಿ ಬರೀತೀನಿ. ಅಲ್ಲೀವರೆಗೂ ಪ್ರಿಂಟ್ ಬೇಡ. ಕಾಯೋಕೆ ಆಗಲ್ಲ ಅಂದ್ರೆ ವಾಪಸ್ ಕೊಟ್ಬಿಡಿ, ಬೇಜಾರಿಲ್ಲ."

ಕಾಯುತ್ತೇನೆ ಎಂದರಂತೆ. ಒಳಗೆ ಬಂದವಳು ಮೊದಲು ಕಾಫಿ ಕುಡಿದಳು. ಭವಾನಿ ಲೋಟ ಕೊಡುತ್ತ, "ಅದೇನೇ, ಆ ಹುಡುಗಿ ಹೆಸರು ಮರೀದೆ ದಾಟಿದ್ದು? ಆ ಪುಟ ಎಲ್ಲಿದೆ ತೋರ್ಸು," ಎಂದರು.

ವಾಪಸು ಬರುವಾಗ ಮೇಷ್ಟ್ರು ಹಿಂದಿನ ಸೀಟಿನಲ್ಲಿ ಕೂತಿದ್ದರು. ಊರು ದಾಟಿತು, ಮೇಲ್ಸೇತುವೆ ದಾಟಿತು, ಅವರು ಯಾವುದಕ್ಕೂ ಅರ್ಥ ಹೇಳಲಿಲ್ಲ. ನನಗೇ ಗಾಬರಿಯಾಗಿ ಕನ್ನಡಿಯಲ್ಲಿ ಒಮ್ಮೆ ನೋಡಿದೆ.

"ವಿಮಲಾ," ಎಂದರು ಕೊನೆಗೆ. "ನನ್ನ ವ್ಯಾಖ್ಯಾನಕ್ಕೆ ನಿನ್ನ ಅಭಿಪ್ರಾಯ ಏನು?"

"ಯಾವತ್ತಿಂದು?"

"ಇಷ್ಟು ವರ್ಷದ್ದು."

ವಿಮಲಕ್ಕ ಗಹನವಾಗಿ ಯೋಚಿಸಿದರು. "ಕೆಲವು ದಿನ ನೀವು ಹೇಳಿದ್ದು ಕೇಳಿ, ನಾನು ಓದಿದ ಪದ್ಯ ನಂಗೇ ಹೊಸದಾಗಿ ಕಂಡಿದೆ. ಕೆಲವು ದಿನ, ಇವರು ಯಾವಾಗ ಮುಗಿಸ್ತಾರಪ್ಪಾ ಅಂತ ದೇವಸ್ಥಾನದ ಕಂಬ ಎಣಿಸಿದೀನಿ."

ಮೇಷ್ಟ್ರು ಕಿಟಕಿಯ ಗಾಜು ಇಳಿಸಿದರು. ಅಷ್ಟರಲ್ಲಿ ವಿಮಲಕ್ಕನ ಫೋನು ಸದ್ದು ಮಾಡಿತು. ದೀಪಶ್ರೀಯ ಸಂದೇಶ. ಅವರು ಅದನ್ನೂ ರಾಗದಲ್ಲೇ ಓದಿದರು, ನಡುವೆ ನಿಲ್ಲಿಸದೆ: ಹೊನ್ನಿ ಅರಮನೆಗೆ ಹೋಗುವುದಿಲ್ಲವೆಂದರೆ ಅವನೇ ದಡಕ್ಕೆ ಬರಬೇಕಾಗುತ್ತದೆ; ಬಂದವನು ಸುಮ್ಮನೆ ಕೂರುವಂತಿಲ್ಲ; ಅಷ್ಟು ದೊಡ್ಡ ರೆಕ್ಕೆ ಇಟ್ಟುಕೊಂಡು ಹರಿಗೋಲಿನಲ್ಲಿ ಹುಟ್ಟು ಹಾಕಲು ಬರುತ್ತದಾ ಅತ್ತೆ?

"ಏನಂತೀರಿ?" ಎಂದು ವಿಮಲಕ್ಕ ಹಿಂದೆ ತಿರುಗಿ ಕೇಳಿದರು.

"ನಂಗೆ ಗೊತ್ತಿಲ್ಲ," ಎಂದರು ಮೇಷ್ಟ್ರು. ಆ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಆಮೇಲೆ ಮುಂದಕ್ಕೆ ಬಾಗಿ, "ಗಾಳಿಗೆ ರೆಕ್ಕೆ ಅಡ್ಡ ಬಂದ್ರೆ ಹರಿಗೋಲು ಗಿರಗಿರ ತಿರುಗುತ್ತೆ, ಅಲ್ವಾ? ಬರೆದು ಕಳಿಸೋಕೆ ಹೇಳು, ನೋಡೋಣ," ಎಂದರು.

ವಿಮಲಕ್ಕ ಒಂದೊಂದೇ ಅಕ್ಷರ ಒತ್ತುತ್ತ ಉತ್ತರ ಬರೆಯತೊಡಗಿದರು.